ಸೊಂಟದ ಮೇಲೆ ಕೈ

ಅನಂತಪದ್ಮನಾಭ ರಾಯರು ಕೋರ್ಟಿನಲ್ಲಿ ಭಾಷಾಂತರಕಾರರಾಗಿದ್ದರು. ಕಟಕಟೆಯಲ್ಲಿ ನಿಂತವರು ಕನ್ನಡದಲ್ಲಿ ಹೇಳಿದ್ದನ್ನು ಆಗಿಂದಾಗಲೇ ಇಂಗ್ಲಿಷಿಗೆ ತಿರುಗಿಸಿ ಹೇಳುವುದು ಅವರ ಕೆಲಸ. ಪಕ್ಕದಲ್ಲಿ ಕೂತ ಟೈಪಿಸ್ಟು ಅದನ್ನು ಹೊಡೆದುಕೊಳ್ಳುತ್ತಿದ್ದ. ಬಸವನಗುಡಿಯ ವಠಾರ ಬಿಟ್ಟು ಜಯನಗರದಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡು ಬಂದು ಒಂದೆರಡು ವರ್ಷವಾಗಿತ್ತು. ಆಗ ಅಲ್ಲಿ ರಸ್ತೆಗಳು ಮನೆಗಳಿಗಿಂತ ಮೊದಲೇ ಬಂದು ಕೂತಿದ್ದವು. ಅಗಲವಾದ ಮಣ್ಣುರಸ್ತೆ, ಅದರ ಪಕ್ಕ ಖಾಲಿ ಸೈಟುಗಳ ಸಾಲು, ಎಲ್ಲೋ ಒಂದು ಮನೆಯ ದೀಪ. ರಾಯರು ದಿನಾ ಕರಿಕೋಟು ಹಾಕಿ, ಪೇಟ ಸುತ್ತಿ, ಪಂಚೆಗೆ ಕ್ಲಿಪ್ಪು ಸಿಕ್ಕಿಸಿ, ಸೈಕಲ್ಲಿನಲ್ಲಿ ಕೋರ್ಟಿಗೆ ಹೋಗುತ್ತಿದ್ದರು.

ಅವರಿಗೆ ಪದಗಳ ಹುಚ್ಚು. ಕನ್ನಡದಲ್ಲಿ ನಾಲ್ಕು ಮಾತಿನಲ್ಲಿ ಹೇಳುವುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಸಿಕ್ಕಿದರೆ ಅವತ್ತಿನ ಊಟಕ್ಕೆ ಬೇರೆ ರುಚಿ. ಅನ್ನಕ್ಕೆ ತಿಳಿಸಾರು ಕಲಸುತ್ತಾ, "ಇವತ್ತೊಂದು ಸಿಕ್ತು ಕಣೇ" ಎಂದು ಹೆಂಡತಿಗೆ ಹೇಳುವರು. ಸರಸ್ವತಿಬಾಯಿಗೆ ಇಂಗ್ಲಿಷು ಬಾರದು. ಆದರೂ "ಹೌದೇ?" ಎಂದು ಇನ್ನೊಂದು ಸೌಟು ಸಾರು ಬಡಿಸುವರು.

ಕನ್ನಡ ಸೀಮೆಗಳೆಲ್ಲ ಒಂದೇ ರಾಜ್ಯವಾದ ಮರುವರ್ಷ ಬೇರೆ ಸೀಮೆಯಿಂದ ವರ್ಗವಾಗಿ ಒಬ್ಬ ಮ್ಯಾಜಿಸ್ಟ್ರೇಟರು ಬಂದರು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ. ಹಾಗಾಗಿ ಕಿವಿಯೆಲ್ಲ ರಾಯರ ಕಡೆಗೇ. ರಾಯರು ಒಳ್ಳೆಯ ಪದ ಹಾಕಿದರೆ ಅವರ ಪೆನ್ನು ಒಂದು ಕ್ಷಣ ನಿಲ್ಲುತ್ತಿತ್ತು, ತುಟಿಯ ಅಂಚಿನಲ್ಲಿ ಸಣ್ಣ ನಗು ಬರುತ್ತಿತ್ತು. ಆ ನಗುವಿಗಾಗಿ ರಾಯರು ಕಾಯುವುದು ಶುರುವಾಯಿತು. ಅದು ತಮಗೆ ಅಭ್ಯಾಸವಾಗುತ್ತಿದೆ ಎಂದು ಅವರಿಗೆ ಗೊತ್ತಾಗಲಿಲ್ಲ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ವಸಂತಪುರದ ಆಚೆಯ ಒಂದು ಹಳ್ಳಿಯ ಹೊಡೆದಾಟದ ಕೇಸು ಬಂತು. ಬೈರಣ್ಣ, ಬೋರಣ್ಣ ಎಂಬ ಅಕ್ಕಪಕ್ಕದ ಹೊಲದವರು ಬೇಸಿಗೆಯಲ್ಲಿ ಕೆರೆಯ ನೀರಿನ ಸರದಿಗೆ ಜಗಳವಾಡಿದ್ದರು. ಮಾತಿಗೆ ಮಾತು ಬೆಳೆದು ಬೈರಣ್ಣ ಗುದ್ದಲಿಯ ಕಾವಿನಲ್ಲಿ ಹೊಡೆದ. ಬೋರಣ್ಣನ ಮುಂಗೈ ಮುರಿಯಿತು. ಇದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಬೈರಣ್ಣನೇ ಹೊಡೆದೆನೆಂದು ಒಪ್ಪಿಕೊಂಡಿದ್ದ. ಆದರೆ ಬೋರಣ್ಣ ಇನ್ನೂ ಒಂದು ಮಾತು ಸೇರಿಸಿದ್ದ. ಬೈರಣ್ಣನ ಹೆಂಡತಿ ಮುನಿಲಕ್ಷ್ಮಮ್ಮ ಅಲ್ಲೇ ನಿಂತು "ಬಿಡಬ್ಯಾಡ, ಹಾಕು" ಎಂದು ಗಂಡನನ್ನು ಹುರಿದುಂಬಿಸಿದಳು ಎಂದು. ಅದು ನಿಜವಾದರೆ ಅವಳಿಗೂ ಶಿಕ್ಷೆ.

ನಡೆದದ್ದನ್ನು ಕಂಡವಳು ಮಂಗಮ್ಮ ಒಬ್ಬಳೇ. ಅವಳು ಅದೇ ಊರಿನ ಮುದುಕಿ, ಎರಡು ಮನೆಗೂ ಬೇಕಾದವಳು. ಸರ್ಕಾರಿ ವಕೀಲರು ಅವಳನ್ನು ಕೇಳಿದರು:

"ಹೊಡೆದಾಟ ಆಗುವಾಗ ಮುನಿಲಕ್ಷ್ಮಮ್ಮ ಎಲ್ಲಿದ್ದಳು?"

"ಹೊಲದ್ ಬದುವಿನ್ ಮ್ಯಾಲಿದ್ಲು, ಸೋಮಿ."

"ಏನು ಮಾಡ್ತಿದ್ದಳು?"

"ಏನ್ ಮಾಡಾಳು? ಸೊಂಟದ್ ಮ್ಯಾಲೆ ಕೈ ಇಕ್ಕೊಂಡು ನಿಂತಿದ್ಲು."

"ಏನಾದರೂ ಕೂಗಿದಳೇ?"

"ನಾ ಕಾಣೆ. ದೂರ್ದಾಗೆ ಹುಲ್ ಕುಯ್ತಿದ್ದೆ. ನಂಗ್ ಕೇಳಿಸ್ನಿಲ್ಲ."

ರಾಯರ ನಾಲಿಗೆಯ ತುದಿಗೆ ಒಂದು ಪದ ಬಂದು ಕೂತಿತು. ಅಕಿಂಬೊ. ಎರಡು ಕೈಯನ್ನೂ ಸೊಂಟದ ಮೇಲಿಟ್ಟು, ಮೊಣಕೈಗಳನ್ನು ಹೊರಕ್ಕೆ ಚಾಚಿ ನಿಲ್ಲುವ ಭಂಗಿಗೆ ಇಂಗ್ಲಿಷಿನಲ್ಲಿರುವ ಹೆಸರು ಅದು. ಕಾಲೇಜಿನ ದಿನಗಳಲ್ಲಿ ಒಂದು ಕಾದಂಬರಿಯಲ್ಲಿ ಓದಿ, ನಿಘಂಟು ತೆಗೆದು ನೋಡಿದ್ದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಉಪಯೋಗಕ್ಕೆ ಬಂದಿರಲಿಲ್ಲ. "ಸೊಂಟದ ಮೇಲೆ ಕೈಯಿಟ್ಟು" ಎಂದು ಇದ್ದದ್ದನ್ನು ಇದ್ದಂತೆ ಹೇಳಿದ್ದರೆ ಆಗುತ್ತಿತ್ತು. ರಾಯರು ಗಂಟಲು ಸರಿಮಾಡಿಕೊಂಡು, "ವಿತ್ ಆರ್ಮ್ಸ್ ಅಕಿಂಬೊ" ಎಂದರು.

ಮ್ಯಾಜಿಸ್ಟ್ರೇಟರು ತಲೆಯೆತ್ತಿದರು. ಆ ನಗು ಬಂತು. ಅಷ್ಟಕ್ಕೆ ಬಿಡದೆ ಇಂಗ್ಲಿಷಿನಲ್ಲೇ ಕೇಳಿದರು: "ರಾಯರೇ, ನಿಮ್ಮ ಹಳ್ಳಿಗಳ ಕಡೆ ಹೆಂಗಸೊಬ್ಬಳು ಹಾಗೆ ನಿಂತರೆ ಏನು ಅರ್ಥ?"

ಅದಕ್ಕೆ ಉತ್ತರ ಹೇಳಬೇಕಾದವಳು ಕಟಕಟೆಯಲ್ಲೇ ಇದ್ದಳು. ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿ ಮಂಗಮ್ಮನನ್ನು ಕೇಳುವುದಷ್ಟೇ ರಾಯರ ಕೆಲಸವಾಗಿತ್ತು. ಆದರೆ ಕೇಳಿದ್ದು ತಮ್ಮನ್ನು. ಅವರು ಎದೆ ಸೆಟೆಸಿ ಇಂಗ್ಲಿಷಿನಲ್ಲೇ ಹೇಳಿದರು: "ಸ್ವಾಮಿ, ಅದು ಸವಾಲು. 'ಬಾ ನೋಡೇಬಿಡೋಣ' ಅಂತ. ಮರ್ಯಾದಸ್ಥ ಹೆಂಗಸರು ನಮ್ಮಲ್ಲಿ ಹಾಗೆ ನಿಲ್ಲೋದಿಲ್ಲ."

ಆರೋಪಿಗಳ ಕಡೆಯ ವಕೀಲರು ಇನ್ನೊಂದು ಕೋರ್ಟಿನ ಕೇಸಿಗೆ ಹೊತ್ತಾಯಿತೆಂದು ಗಡಿಯಾರ ನೋಡುತ್ತಿದ್ದರು. ಅವರು ಏಳಲಿಲ್ಲ. ಮ್ಯಾಜಿಸ್ಟ್ರೇಟರು ರಾಯರ ಮೂಲಕ ಮುನಿಲಕ್ಷ್ಮಮ್ಮನನ್ನೇ ಕೇಳಿದರು.

"ಹಾಗೆ ನಿಂತಿದ್ದೆಯಾ?"

"ನಿಂತಿದ್ದೆ."

"ಯಾಕೆ?"

ಅವಳು ಸುತ್ತ ಕೂತ ಗಂಡಸರನ್ನೆಲ್ಲ ಒಂದು ಸಲ ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದಳು. ಇನ್ನೊಮ್ಮೆ ಕೇಳಿದಾಗ ಸೆರಗನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು. ಹೊರಗೆ ವರಾಂಡದಲ್ಲಿ ಯಾರದೋ ಮಡಿಲಲ್ಲಿ ಎಳೆಗೂಸೊಂದು ಒಂದೇ ಸಮನೆ ಅಳುತ್ತಿತ್ತು. ಜವಾನ ಹೋಗಿ ಗದರಿ ಬಂದ.

ಬೈರಣ್ಣನಿಗೆ ಮೂರು ತಿಂಗಳು ಜೈಲಾಯಿತು. ಮುನಿಲಕ್ಷ್ಮಮ್ಮನಿಗೆ ಒಂದು ತಿಂಗಳು. ತೀರ್ಪಿನಲ್ಲಿ ಆ ಪದ ಎರಡು ಕಡೆ ಬಂದಿದೆಯೆಂದು ಬೆಂಚ್ ಗುಮಾಸ್ತ ರಾಯರಿಗೆ ಹೇಳಿದ. ಅವತ್ತು ರಾತ್ರಿ ಊಟಕ್ಕೆ ಕೂತಾಗ ರಾಯರು ಇದನ್ನು ಹೆಂಡತಿಗೆ ಹೇಳಿದರು.

"ಪಾಪ, ಹೆಂಗಸನ್ನ ಯಾಕ್ರೀ ಜೈಲಿಗೆ ಹಾಕಿದ್ರು?" ಎಂದರು ಸರಸ್ವತಿಬಾಯಿ.

"ಗಯ್ಯಾಳಿ ಕಣೇ. ಮುಖ ನೋಡಿದ್ರೇ ಗೊತ್ತಾಗ್ತಿತ್ತು."

ಅವಳ ಮುಖವನ್ನು ಅವರು ನೋಡಿಯೇ ಇರಲಿಲ್ಲ.

ಎರಡು ವರ್ಷ ಕಳೆದವು. ಮಗಳು ವಾರಿಜಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಒಂದು ಭಾನುವಾರ ಬೆಳಿಗ್ಗೆ ರಾಯರು ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ವಾರಿಜಾ ತುಳಸಿಕಟ್ಟೆಗೆ ನೀರು ಹಾಕಿ, ತಂಬಿಗೆ ಕೆಳಗಿಟ್ಟು, ನೆಟ್ಟಗಾದಳು. ಎರಡೂ ಕೈಯನ್ನು ಸೊಂಟಕ್ಕೆ ಕೊಟ್ಟು, ಹೊಟ್ಟೆ ಮುಂದೆ ಮಾಡಿ, ಕಣ್ಣು ಮುಚ್ಚಿ ನಿಂತಳು. ಮೊಣಕೈಗಳೆರಡೂ ಹೊರಕ್ಕೆ ಚಾಚಿದ್ದವು.

ರಾಯರಿಗೆ ಏಕೋ ಸಿಟ್ಟು ಬಂತು. "ಏನಮ್ಮಾ ಅದು, ಬೀದಿಗೆ ಕಾಣೋ ಹಾಗೆ? ಹಾಗೆಲ್ಲ ನಿಲ್ಲಬಾರದು."

ಒಳಗಿಂದ ಸರಸ್ವತಿಬಾಯಿ ಬಂದರು. "ನಿಮಗೇನು ಗೊತ್ತು, ಸುಮ್ನಿರಿ. ಎಂಟು ತುಂಬಿದೆ ಅವಳಿಗೆ. ಬೆನ್ನು ಕಿತ್ತು ಬರ್ತಿರತ್ತೆ. ಕೈ ಆಸರೆ ಕೊಡದೆ ನಿಲ್ಲೋಕಾಗತ್ತಾ? ಇವಳು ಹೊಟ್ಟೇಲಿದ್ದಾಗ ನಾನೂ ಹೀಗೇ ನಿಲ್ತಿದ್ದೆ. ನೀವು ನೋಡಿದ್ರೆ ತಾನೆ!"

ರಾಯರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಅಕ್ಷರ ಒಂದೂ ಕಾಣಲಿಲ್ಲ. ಕಿವಿಯಲ್ಲಿ ಎಳೆಗೂಸಿನ ಅಳು. ವಿಚಾರಣೆಯ ದಿನ ವರಾಂಡದಲ್ಲಿ ಅತ್ತದ್ದು ಯಾರ ಕೂಸು? ಮಧ್ಯಾಹ್ನದ ಬಿಡುವಿನಲ್ಲಿ ಹುಣಸೇಮರದ ಕೆಳಗೆ ಗೋಡೆಗೆ ಮುಖಮಾಡಿ ಕೂತು ಹಾಲು ಕುಡಿಸುತ್ತಿದ್ದವಳು ಯಾರು? ಕಟಕಟೆಯಲ್ಲಿ ಮುನಿಲಕ್ಷ್ಮಮ್ಮ ಉಟ್ಟಿದ್ದ ಸೀರೆಯೇ ಅದು. ಅವರು ಅದನ್ನು ಕಂಡಿದ್ದರು. ಕಂಡು, ಕೋರ್ಟಿನ ಆವರಣ ಸಂತೆಯಾಯಿತೆಂದು ಬೈದುಕೊಂಡು ಹೋಗಿದ್ದರು. ಹೊಡೆದಾಟ ನಡೆದದ್ದು ಬೇಸಿಗೆಯಲ್ಲಿ. ಮಳೆ ಮುಗಿಯುವಾಗ ಅವಳ ತೊಡೆಯ ಮೇಲೆ ಮೊಲೆಯುಣ್ಣುವ ಮಗು. ಹಾಗಾದರೆ ಆ ದಿನ ಬದುವಿನ ಮೇಲೆ ನಿಂತಿದ್ದವಳು ತುಂಬಿದ ಬಸುರಿ. ಊರಿಗೆ ಊರೇ ಬಲ್ಲ ಸಂಗತಿಯನ್ನು ಬೇರೆ ಹೇಳಬೇಕೆ ಎಂದು ಮಂಗಮ್ಮ ಹೇಳಲಿಲ್ಲ. ಗಂಡಸರ ನಡುವೆ ಹೇಗೆ ಹೇಳುವುದೆಂದು ಮುನಿಲಕ್ಷ್ಮಮ್ಮ ಹೇಳಲಿಲ್ಲ. ಹೇಳಿದವರು ಒಬ್ಬರೇ.

ಅವತ್ತಿನಿಂದ ರಾಯರ ಕಣ್ಣಿಗೆ ಎಲ್ಲೆಲ್ಲೂ ಅದೇ ಭಂಗಿ. ಎದುರು ಸೈಟಿನಲ್ಲಿ ಗೋಡೆ ಎತ್ತುತ್ತಿದ್ದ ಗಾರೆ ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ತಾನು ಕಟ್ಟಿದ್ದನ್ನು ನೋಡುತ್ತಿದ್ದ. ಅವನದು ಸವಾಲಲ್ಲ, ಲೆಕ್ಕಾಚಾರ. ಸೌದೆಯ ಹೊರೆ ಇಳಿಸಿದ ಹೆಂಗಸು ಹಾಗೇ ನಿಂತು ಉಸಿರು ಬಿಡುತ್ತಿದ್ದಳು, ಅದು ದಣಿವು. ಬಸ್ಸು ತಪ್ಪಿದ ಮುದುಕನೂ ಹಾಗೇ ನಿಂತಿದ್ದ, ಅದಕ್ಕೆ ಏನು ಹೆಸರಿಡುವುದೋ ಅವರಿಗೆ ತೋಚಲಿಲ್ಲ. ಸ್ನಾನ ಮಾಡಿ ದೇವರ ಮನೆಗೆ ಹೋದರೆ ಅಲ್ಲಿ ಪಂಢರಪುರದಿಂದ ತಂದ ಪಟ. ಇಟ್ಟಿಗೆಯ ಮೇಲೆ ನಿಂತ ವಿಠಲ, ಎರಡು ಕೈಯೂ ಸೊಂಟದ ಮೇಲೆ. ಹುಟ್ಟಿದಾರಭ್ಯ ಆ ನಿಲುವಿಗೆ ಕೈ ಮುಗಿದಿದ್ದರು. ಭಕ್ತನಿಗಾಗಿ ಕಾಯುತ್ತಾ ನಿಂತಿದ್ದಾನೆಂದು ಮಗಳಿಗೆ ಕಥೆ ಹೇಳಿದ್ದರು. ಅದು ಅವತ್ತು ಕೋರ್ಟಿನಲ್ಲಿ ಯಾಕೆ ನೆನಪಾಗಲಿಲ್ಲ? ರಾಯರು ಮಂತ್ರ ಅರ್ಧಕ್ಕೆ ನಿಲ್ಲಿಸಿ ಎದ್ದು ಬಂದರು. ಪಟದ ಮುಂದೆ ಕೂರುವುದಕ್ಕೇ ನಾಚಿಕೆಯಾಯಿತು.

ಪರಿಚಯದ ಹಿರಿಯ ವಕೀಲರೊಬ್ಬರನ್ನು, ಯಾರದೋ ಕಥೆ ಎಂಬಂತೆ ಕೇಳಿ ನೋಡಿದರು. "ಅಪೀಲಿನ ಅವಧಿ ಯಾವತ್ತೋ ಮುಗಿದಿದೆ. ಶಿಕ್ಷೆ ಅನುಭವಿಸಿ ಆಗಿದೆ. ಈಗ ಎತ್ತಿದ್ರೆ ಆ ಭಾಷಾಂತರದೋನ ಕೆಲಸ ಹೋಗತ್ತೆ, ಅಷ್ಟೇ" ಎಂದರು ಅವರು. ಮನೆಗೆ ಬರುವ ದಾರಿಯಲ್ಲಿ ರಾಯರಿಗೆ ಮೊದಲು ಆದದ್ದು ಸಮಾಧಾನ. ಕೆಲಸ ಉಳಿಯಿತೆಂಬ ಸಮಾಧಾನ. ಅದು ಅರಿವಾದ ಮೇಲೆ ಮತ್ತಷ್ಟು ಕುಗ್ಗಿಹೋದರು.

ಮುಂದಿನ ಭಾನುವಾರ ಹೆಂಡತಿಗೂ ಹೇಳದೆ ಸೈಕಲ್ಲು ಹತ್ತಿದರು. ಸಾರಕ್ಕಿ ದಾಟಿ, ಕನಕಪುರ ರಸ್ತೆ ಹಿಡಿದು, ಕೇಳಿಕೊಂಡು ಕೇಳಿಕೊಂಡು ಆ ಹಳ್ಳಿಗೆ ಹೋದರು. ಮುನಿಲಕ್ಷ್ಮಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಎರಡು ವರ್ಷದ ಹೆಣ್ಣುಮಗು ಮೊರದ ಪಕ್ಕ ಆಡುತ್ತಿತ್ತು. ಕೋಟಿಲ್ಲದ, ಪೇಟವಿಲ್ಲದ ರಾಯರನ್ನು ಅವಳು ಗುರುತಿಸಲಿಲ್ಲ.

"ಸೈಟ್ ನೋಡಕ್ ಬಂದ್ರಾ, ಸೋಮಿ? ನಮ್ ಯಜಮಾನ್ರು ಹೊಲ್ದ ತಾವ್ ಅವ್ರೆ. ನಾವ್ ಮಾರಾಕಿಲ್ಲ. ಕೂತ್ಕಳಿ, ಬಿಸ್ಲಾಗ್ ಬಂದಿದ್ದೀರಿ."

ರಾಯರು ಬಾಯಿ ತೆರೆದರು. "ಹೌದಮ್ಮ, ಸೈಟು…" ಎಂಬ ಮಾತು ಹೊರಬಂತು.

ಅವಳು ಕೊಟ್ಟ ಮಜ್ಜಿಗೆ ಕುಡಿದರು. ಅಷ್ಟರಲ್ಲಿ ಬೀದಿಯಲ್ಲಿ ಒಬ್ಬ ಮುದುಕಿ ಹೋದಳು. ಹಣೆಯಲ್ಲಿ ಕುಂಕುಮವಿರಲಿಲ್ಲ. ಮಂಗಮ್ಮ. ಮುನಿಲಕ್ಷ್ಮಮ್ಮನನ್ನು ಕಂಡು ಅವಳು ಮುಖ ಆ ಕಡೆ ತಿರುಗಿಸಿದಳು. ಇವಳು ಈ ಕಡೆ ತಿರುಗಿಸಿದಳು.

"ಯಾರಮ್ಮ ಅವರು?" ಎಂದರು ರಾಯರು, ತಮ್ಮ ದನಿ ತಮಗೇ ಕಳ್ಳನದೆನಿಸಿ.

"ಇದ್ಲು ಒಬ್ಳು. ನನ್ನ ಎತ್ತಿ ಆಡ್ಸಿದೋಳು. ಕೋಲ್ಟ್ನಾಗೆ ನನ್ ಮ್ಯಾಲೆ ಸುಳ್ ಸಾಕ್ಷಿ ಯೋಳಿ ಜೈಲ್ ತೋರ್ಸುದ್ಲು. ಜೈಲಿಗ್ ಹೋಗ್ಬಂದೋಳು ಅಂತ ಒಂದ್ ಮದ್ವೇಲೂ ಆರತಿ ತಟ್ಟೆ ಮುಟ್ಸಾಕಿಲ್ಲ ನನ್ನ." ಅವಳು ಮೊರವನ್ನು ಎರಡು ಸಲ ಜೋರಾಗಿ ಕುಟ್ಟಿದಳು. "ಓದ್ ವರ್ಸ ಅವ್ಳ ಗಂಡ ಸತ್ತ. ನಾ ಬಾಗ್ಲಿಗೂ ಓಗ್ನಿಲ್ಲ."

ರಾಯರು ಲೋಟ ಕೆಳಗಿಟ್ಟು ಎದ್ದುಬಿಟ್ಟರು. ದಾರಿಯುದ್ದಕ್ಕೂ ಸೈಕಲ್ಲು ತುಳಿಯಲಾರದೆ ತಳ್ಳಿಕೊಂಡೇ ಬಂದರು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದರು. ಸರಸ್ವತಿಬಾಯಿ ಒಲೆಯ ಮೇಲಿನ ಪಾತ್ರೆ ಇಳಿಸಿದರು. ಆಮೇಲೆ, "ನೀವು ಅವತ್ತು ಊಟಕ್ಕೆ ಕೂತಾಗ ನಗ್ತಾ ಹೇಳಿದ್ರಿ. ನಾನೂ ಬಡಿಸ್ದೆ" ಎಂದರು. ಅದಕ್ಕಿಂತ ಕಠಿಣವಾದ ಮಾತು ಅವರ ಬಾಯಿಂದ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ವಾರ ಕಳೆದು ರಾಯರು ಮತ್ತೆ ಹೋದರು. ಈ ಸಲ ಬೈರಣ್ಣನೂ ಮನೆಯಲ್ಲಿದ್ದ. ರಾಯರು ಕೂರಲಿಲ್ಲ. ತಾವು ಯಾರೆಂದು ಹೇಳಿದರು. ಮಂಗಮ್ಮ ಏನು ಹೇಳಿದ್ದಳು, ಸಾಹೇಬರು ಏನು ಕೇಳಿದರು, ತಾವು ಏನು ಹೇಳಿಬಿಟ್ಟಿದ್ದರು ಎಂಬುದನ್ನೆಲ್ಲ ಒಂದೂ ಬಿಡದೆ ಹೇಳಿದರು.

ಬೈರಣ್ಣ ಧಡಕ್ಕನೆ ಎದ್ದ. "ಬಸ್ರಿ ಹೆಂಗ್ಸು ಕಣಯ್ಯಾ! ಗುದ್ದಲಿ ಕಿತ್ಕಳಾನ ಅಂತ ಓಡ್ ಬಂದು, ಓಡಾಕಾಗ್ದೆ ನಿಂತೋಳು!"

ಮುನಿಲಕ್ಷ್ಮಮ್ಮ ಕೈಯೆತ್ತಿ ಅವನನ್ನು ತಡೆದಳು. ಅವಳ ಮುಖ ಕಲ್ಲಾಗಿತ್ತು.

"ಹಂಗಾರೆ ಮಂಗಮ್ಮತ್ತೆ ಸವಾಲ್ ಅಂತ ಅನ್ನೇ ಇಲ್ವಾ?"

"ಇಲ್ಲಮ್ಮ. ನೀನು ನಿಂತಿದ್ದೆ ಅಂದ್ರು. ಕೂಗಿದ್ದು ಕೇಳಿಸ್ಲಿಲ್ಲ ಅಂತಾನೂ ಅಂದ್ರು. ಸವಾಲು ಅಂದಿದ್ದು ನಾನು."

"ಇಂಗ್ಲೀಸ್ನಾಗಾ?"

"ಇಂಗ್ಲಿಷಲ್ಲಿ."

"ಆವತ್ತು ನನ್ ಕಿವಿಯೆಲ್ಲ ಹೊರಗ್ ಅಳ್ತಿದ್ದ ಕೂಸಿನ್ ಮ್ಯಾಲೆ, ಅತ್ತೆ ಏನಂದ್ಲೋ ಕೇಳಿಸ್ನಿಲ್ಲ. ನಮ್ ವಕೀಲ ಯೋಳ್ದ, ಮುದ್ಕಿ ಸಾಕ್ಸಿಯಿಂದ್ಲೇ ನಿಂಗ್ ಸಿಕ್ಸೆ ಆಯ್ತು ಅಂತ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಆವತ್ತು ನನ್ ಮಕ ನೋಡಿದ್ರಾ ನೀವು?"

"ಇಲ್ಲ."

"ಕ್ಷಮಿಸಿಬಿಡಮ್ಮ" ಎಂದು ಹೇಳಲು ರಾಯರು ದಾರಿಯಲ್ಲೆಲ್ಲ ಸಿದ್ಧ ಮಾಡಿಕೊಂಡಿದ್ದರು. ಆ ಮುಖದ ಮುಂದೆ ಅದು ಬಾಯಿಗೆ ಬರಲಿಲ್ಲ. ಮುನಿಲಕ್ಷ್ಮಮ್ಮ ಮಗುವನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ನನ್ ತಾವ್ ಯೋಳಿ ಏನಾಯ್ತದೆ? ಬನ್ನಿ."

ಅವಳು ಮುಂದೆ, ರಾಯರು ಹಿಂದೆ. ಬೀದಿಯವರೆಲ್ಲ ನೋಡಿದರು. ಬೋರಣ್ಣ ತನ್ನ ಮನೆಯ ಜಗಲಿಯ ಮೇಲೆ ಕೂತಿದ್ದ. ಮಾರಮ್ಮನ ಗುಡಿಯ ಹತ್ತಿರ ನಿಂತಿದ್ದ ಊರಿನ ಹಿರಿಯ ಚಿಕ್ಕಬೈರಪ್ಪ, "ಏನಮ್ಮಾ, ಯಾರಿವ್ರು?" ಎಂದದ್ದಕ್ಕೆ, "ನೀವೂ ಬಂದ್ ಕೇಳುಸ್ಕಳಿ ದೊಡ್ಡಪ್ಪ" ಎಂದು ನಡೆದಳು. ನಾಲ್ಕು ಜನ ಜೊತೆಯಾದರು, ಮಂಗಮ್ಮನ ಬಾಗಿಲಿಗೆ ಹೋಗುವ ಹೊತ್ತಿಗೆ ಹತ್ತಾದರು.

ರಾಯರು ಎಷ್ಟೋ ವರ್ಷ ನೂರಾರು ಜನರ ಮುಂದೆ ಬೇರೆಯವರ ಮಾತನ್ನು ಗಟ್ಟಿಯಾಗಿ ಹೇಳಿದವರು. ತಮ್ಮ ಮಾತು ಹೇಳುವಾಗ ದನಿ ಹೊರಡಲೇ ಇಲ್ಲ. ಚಿಕ್ಕಬೈರಪ್ಪ "ಸ್ವಲ್ಪ ಜೋರಾಗ್ ಯೋಳಿ ಸೋಮಿ, ಹಿಂದ್ಲೋರ್ಗೆ ಕೇಳಾಕಿಲ್ಲ" ಎಂದ. ಮೊದಲಿಂದ ಹೇಳಬೇಕಾಯಿತು. "ಮರ್ಯಾದಸ್ಥ ಹೆಂಗಸರು ಹಾಗೆ ನಿಲ್ಲೋದಿಲ್ಲ ಅಂತಲೂ ಅಂದೆ" ಎಂಬಲ್ಲಿಗೆ ಬಂದಾಗ ಹೆಂಗಸರ ಗುಂಪಿನಿಂದ ಒಂದು ಗೊಣಗು ಎದ್ದಿತು. ಒಬ್ಬಳು ನೆಲಕ್ಕೆ ಉಗಿದಳು.

ಮಂಗಮ್ಮ ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದಳು. ಎಲ್ಲ ಮುಗಿದ ಮೇಲೆ ಅವಳು ರಾಯರನ್ನೇ ದಿಟ್ಟಿಸಿದಳು. "ನನ್ ಬಾಯಾಗ್ ಬಂದ ಮಾತ್ನ ಏನ್ ಮಾಡ್ಬುಟ್ಟೆ ನೀನು? ಬಸ್ರಿ ಸೊಂಟ ಹಿಡ್ಕೊಂಡ್ ನಿಂತಿದ್ದುನ್ನ ನಾ ಯೋಳುದ್ರೆ, ಅದ್ಯಾವ್ ಸೀಮೆ ಸವಾಲಯ್ಯಾ? ನಿನ್ ಹೆತ್ತೋಳು ಇಂಗ್ ನಿಲ್ಲಿಲ್ವಾ?"



ಬೋರಣ್ಣ ಹಿಂದಿನಿಂದ "ಕೋಲ್ಟ್ ಯೋಳಿದ್ದು ಯೋಳಾಯ್ತು, ಬುಡಿ" ಎಂದ. ಚಿಕ್ಕಬೈರಪ್ಪ ಅವನ ಕಡೆ ತಿರುಗಿ, "ಅವ್ಳು ಹಾಕು ಅಂತ ಕೂಗಿದ್ದು ನೀ ಕೇಳುದ್ಯೇನೋ ಬೋರ? ಮಾರಮ್ಮನ್ ಕಡೆ ನೋಡ್ಕಂಡ್ ಯೋಳು" ಎಂದ. ಬೋರಣ್ಣ ಗುಡಿಯ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಅಲ್ಲಿರಲಿಲ್ಲ.

ಮುನಿಲಕ್ಷ್ಮಮ್ಮ ಹೊಸ್ತಿಲ ಹತ್ತಿರ ಹೋದಳು. "ಅತ್ತೇ, ಮಾವ ಕಣ್ ಮುಚ್ದಾಗ ನಾ ಬರ್ನಿಲ್ಲ" ಎಂದಳು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಅವಳ ದನಿ ಈಗ ಒಡೆಯಿತು.

"ಕೇಳ್ದ ಕಣವ್ವ ಅವ್ನು" ಎಂದಳು ಮುದುಕಿ. "ಕಡೇಗ್ ಎಲ್ಡ್ ಸಲ ಕೇಳ್ದ, ಲಕ್ಸ್ಮಿ ಬರ್ನಿಲ್ವಾ ಅಂತ. ಬತ್ತಾಳೆ ಸುಮ್ಕಿರು ಅಂದೆ."

ಮುನಿಲಕ್ಷ್ಮಮ್ಮ ಅಲ್ಲೇ ಕುಸಿದು ಕೂತಳು. ಮಗುವನ್ನು ತೊಡೆಯ ಮೇಲೆ ಒತ್ತಿ ಹಿಡಿದು ಮುಖ ಮರೆಸಿಕೊಂಡಳು. ಜೈಲಿನಿಂದ ಬಂದಾಗಲೂ ಊರಿನಲ್ಲಿ ತಲೆಯೆತ್ತಿ ನಡೆದವಳು ಅವಳು. ತಾನು ತಪ್ಪು ಮಾಡಿಲ್ಲವೆಂಬ ಒಂದು ಧೈರ್ಯ ಇತ್ತು. ಈಗ ಅದೂ ಇಲ್ಲವಾಯಿತು. ಮಂಗಮ್ಮ ಅವಳ ತಲೆಯ ಮೇಲೆ ಕೈಯಿಡಲು ಮುಂದಾಗಿ, ತಡೆದು, ಆಮೇಲೆ ಇಟ್ಟಳು.

ರಾಯರು ಅಲ್ಲಿ ಇನ್ನು ಯಾರಿಗೂ ಬೇಕಾಗಿರಲಿಲ್ಲ. ತಾವು ತಂದ ಸತ್ಯ ಒಬ್ಬಳ ಮೇಲಿನ ಕಳಂಕ ಒರೆಸಿ, ಅವಳ ಎದೆಗೆ ಇನ್ನೊಂದನ್ನು ಹಾಕಿತೆಂದು ಅವರಿಗೆ ಕಂಡಿತು. ಜನ ದಾರಿ ಬಿಟ್ಟರು.

ಮರುದಿನ ಕಛೇರಿಯಲ್ಲಿ ತಮ್ಮ ಮೇಲಿನವರಿಗೆ ಎಲ್ಲ ತಿಳಿಸಿ, ಬೇರೆ ವಿಭಾಗಕ್ಕೆ ಹಾಕಿ ಎಂದು ಕೇಳಿಕೊಂಡರು. ಆ ಮ್ಯಾಜಿಸ್ಟ್ರೇಟರು ಬೇರೆ ಊರಿಗೆ ಹೋಗಿ ಆಗಲೇ ವರ್ಷವಾಗಿತ್ತು. ಮೇಲಿನವರು ನಕ್ಕರು. "ಒಂದು ಪದಕ್ಕೆ ಇಷ್ಟೊಂದಾ ರಾಯರೇ? ಹೋಗಿ ಕೆಲಸ ನೋಡಿ." ಹಾಗಾಗಿ ನಿವೃತ್ತಿಯವರೆಗೂ ಅದೇ ಕುರ್ಚಿಯಲ್ಲಿ ಕೂರಬೇಕಾಯಿತು. ಅಲ್ಲಿಂದಾಚೆಗೆ ಯಾವ ನ್ಯಾಯಾಧೀಶರು ಯಾವ ಮಾತಿನ ಅರ್ಥ ಕೇಳಿದರೂ ರಾಯರು ಎದ್ದುನಿಂತು, "ಸಾಕ್ಷಿಯನ್ನೇ ಕೇಳಬೇಕು, ಸ್ವಾಮಿ" ಎನ್ನುತ್ತಿದ್ದರು. ಕೆಲವರಿಗೆ ಅದು ಉದ್ಧಟತನವೆನಿಸಿತು. ಬರಬೇಕಾದ ಬಡ್ತಿ ಬರಲಿಲ್ಲ. ಅದನ್ನು ಅವರು ಯಾರ ಹತ್ತಿರವೂ ಆಡಿಕೊಳ್ಳಲಿಲ್ಲ. ಊಟಕ್ಕೆ ಕೂತಾಗ ಪದಗಳ ಸುದ್ದಿ ಎತ್ತುವುದು ನಿಂತೇಹೋಯಿತು. ಸರಸ್ವತಿಬಾಯಿಯೂ ಕೇಳಲಿಲ್ಲ.

ಅರವತ್ತರ ನಡುವಿನ ಹೊತ್ತಿಗೆ ಜಯನಗರ ತುಂಬಿಕೊಂಡಿತು. ಅವರೆಕಾಯಿಯ ಕಾಲದಲ್ಲಿ ಸುತ್ತಲ ಹಳ್ಳಿಯವರು ಮೂಟೆ ತಂದು ರಸ್ತೆಯ ಪಕ್ಕ ಗುಡ್ಡೆ ಹಾಕಿ ಮಾರುತ್ತಿದ್ದರು. ಒಂದು ಬೆಳಿಗ್ಗೆ ರಾಯರು ಹೆಂಡತಿಯ ಜೊತೆ ತರಕಾರಿಗೆ ಹೊರಟಿದ್ದರು. ಮೂಲೆಯಲ್ಲಿ ಮುನಿಲಕ್ಷ್ಮಮ್ಮ, ಅವಳ ಪಕ್ಕದಲ್ಲೇ ಹಣ್ಣುಹಣ್ಣು ಮುದುಕಿಯಾದ ಮಂಗಮ್ಮ. ಇಬ್ಬರೂ ಒಂದೇ ಗೋಣಿಯ ಮೇಲೆ ಕೂತು, ಏನನ್ನೋ ಹೇಳಿಕೊಂಡು ನಗುತ್ತಾ ಕಾಯಿ ಅಳೆಯುತ್ತಿದ್ದರು.

ರಾಯರು ನಿಂತರು. ಚೀಲವನ್ನು ಹೆಂಡತಿಯ ಕೈಗೆ ಕೊಟ್ಟರು.

"ನೀನು ಹೋಗಿ ತೊಗೊಂಡು ಬಾ."

ಸರಸ್ವತಿಬಾಯಿ ಆ ಕಡೆ ನೋಡಿದರು, ಗಂಡನನ್ನು ನೋಡಿದರು. ಚೀಲ ಹಿಡಿದು ಹೋದರು. ರಾಯರು ರಸ್ತೆ ದಾಟಿ, ಒಂದು ಅಂಗಡಿಯ ಮರೆಯಲ್ಲಿ ನಿಂತು ಹೆಂಡತಿಗಾಗಿ ಕಾದರು. ಕಾಯಿ ಚೆನ್ನಾಗಿತ್ತು, ಸೊಗಡಿತ್ತು. ಮುದುಕಿ ಅಳೆದ ಮೇಲೆ ಇನ್ನೊಂದು ಹಿಡಿ ಸೇರಿಸಿ ಹಾಕಿದಳೆಂದು ಸರಸ್ವತಿಬಾಯಿ ಮನೆಗೆ ಬಂದು ಹೇಳಿದರು.